ಮಾತಾಜಿ ದಾಟಿಸಿದ ಉಸಿರು

ಬಸ್ತಿಹಾಳದ ಪಾರ್ಶ್ವನಾಥ ಬಸದಿಗೆ ಗೋಪುರವಿಲ್ಲ. ಕರಿಕಲ್ಲಿನ ಗರ್ಭಗುಡಿ, ಅದರ ಮುಂದೆ ತಗಡು ಹೊದಿಸಿದ ಪಡಸಾಲೆ, ಪಕ್ಕದಲ್ಲಿ ಹಳೆಯ ಪಾಠಶಾಲೆಯ ಒಂದು ಕೋಣೆ. ಆ ವರ್ಷದ ಚಾತುರ್ಮಾಸಕ್ಕೆ ಪೂಜ್ಯ ಆರ್ಯಿಕಾ ಅತಂದ್ರಮತಿ ಮಾತಾಜಿಯವರು ಆ ಕೋಣೆಯಲ್ಲಿ ನೆಲೆಸಿದ್ದರು. ಮಳೆಗಾಲದಲ್ಲಿ ಜೈನ ತ್ಯಾಗಿಗಳು ಊರಿಂದೂರಿಗೆ ನಡೆಯುವುದಿಲ್ಲ. ಹಸಿ ನೆಲದ ಹುಳುಹುಪ್ಪಟೆ ಕಾಲಡಿ ಸಿಕ್ಕಿ ಸಾಯುತ್ತವೆಂದು ಒಂದೇ ಕಡೆ ನಿಲ್ಲುತ್ತಾರೆ. ಅವರ ಬಳಿ ಇದ್ದದ್ದು ಒಂದು ಬಿಳಿ ಸೀರೆ, ನೆಲ ಸವರಲು ನವಿಲುಗರಿಯ ಪಿಂಛಿ, ನೀರಿಗೆ ಒಂದು ಕಮಂಡಲು. ದಿನಕ್ಕೊಮ್ಮೆ ಅಂಗೈಯಲ್ಲಿ ಆಹಾರ. ನೀರು ಕುಡಿಯುವುದೂ ಆಗಲೇ. ಮೂವತ್ತೊಂದು ವರ್ಷಗಳಿಂದ ಅವರು ಕಾಲ್ನಡಿಗೆ ಬಿಟ್ಟು ಯಾವ ಗಾಡಿಯನ್ನೂ ಹತ್ತಿರಲಿಲ್ಲ.

ಮಾತಾಜಿಯವರ ಬಗ್ಗೆ ಪವಾಡದ ಕಥೆಗಳು ಸಾಕಷ್ಟಿವೆ. ಬತ್ತಿದ ಬಾವಿ ತುಂಬಿತಂತೆ, ಕುರುಡ ಹಸು ಕಣ್ಣು ಬಿಟ್ಟಿತಂತೆ. ಹೇಳುವವರನ್ನು ವಿಚಾರಿಸಿದರೆ ಅವರು ಅಲ್ಲಿ ಇರಲಿಲ್ಲ. ಅವರಿಗೆ ಹೇಳಿದವರೂ ಇರಲಿಲ್ಲ. ಈ ಪ್ರಸಂಗವನ್ನು ಹೇಳಿದವರು ಅಲ್ಲಿದ್ದರು. ಇದರಲ್ಲಿ ಪವಾಡವೂ ಇಲ್ಲ. ಆದ್ದರಿಂದ ಇದೊಂದನ್ನು ಬರೆಯಬಹುದು.

ಶ್ರಾವಣದ ಒಂದು ಬೆಳಿಗ್ಗೆ, ಎಂಟೂವರೆಯ ಹೊತ್ತಿಗೆ, ಧನ್ಯಕುಮಾರ ಚೌಗಲಾ ಬಸದಿಗೆ ಬಂದ. ತಾಲೂಕಿನ ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕ. ಜೈನರ ಮನೆಯಲ್ಲಿ ಹುಟ್ಟಿದ್ದೇನೆ, ಅಷ್ಟೇ ಎಂದು ಹೇಳಿಕೊಳ್ಳುತ್ತಿದ್ದ. ಅಂದು ಮಾತಾಜಿಯವರ ಆಹಾರಕ್ಕೆ ಅಡಿಗೆ ಮಾಡಿದ್ದವರು ಅವನ ತಾಯಿ ಚಂಪಾಬಾಯಿ. ಮಗ ಶುದ್ಧ ಧೋತರ ಉಟ್ಟು ಬಂದು ಆಹಾರ ನೀಡಲಿ ಎಂಬುದು ಆಕೆಯ ಆಸೆ. ಮಗ ಪ್ಯಾಂಟು ಹಾಕಿಕೊಂಡು ಜಗಳಕ್ಕೆ ಬಂದಿದ್ದ.

ಮಾತಾಜಿಯವರು ಪಡಸಾಲೆಯಲ್ಲಿ ಕುಳಿತಿದ್ದರು. ಅವರ ಎದುರಿಗೆ ಚಂಪಾಬಾಯಿ ಮೊರದಲ್ಲಿ ಗೋಧಿ ಹಸನು ಮಾಡುತ್ತಿದ್ದರು.

"ಮಾತಾಜಿ, ನೆಲದಾಗ ಬೆಳೆಯೂ ಗಡ್ಡಿ ಅಂತ ನಮ್ಮವ್ವ ಗಜ್ಜರಿ ಬಿಟ್ಟಾಳ, ಬಟಾಟಿ ಬಿಟ್ಟಾಳ. ಇರಲಿ. ಈಗ ನೀರಿಗೂ ಜೀವ ಅದ, ಬೆಂಕಿಗೂ ಜೀವ ಅದ, ಮಣ್ಣಿಗೂ ಅದ ಅಂತಾಳ. ನೀವ ಹೇಳಿದ್ದಂತ. ಖರೇನ?"

"ಖರೇ."

"ನಾವು ಹುಡುಗರಿಗೆ ಬ್ಯಾರೆ ಕಲಸ್ತೀವಿ." ಅವನು ಬೆರಳು ಮಡಚುತ್ತ ಹೋದ. "ಚಲನೆ, ಉಸಿರಾಟ, ಆಹಾರ, ವಿಸರ್ಜನೆ, ಬೆಳವಣಿಗೆ, ಸಂತಾನ, ಮುಟ್ಟಿದರ ಪ್ರತಿಕ್ರಿಯೆ. ಏಳು ಲಕ್ಷಣ. ಇದ್ದರ ಜೀವ, ಇಲ್ಲಂದರ ಇಲ್ಲ. ಮಣ್ಣಿಗೆ ಇದರಾಗ ಯಾವುದು ಅದ ಹೇಳ್ರಿ."

ಚಂಪಾಬಾಯಿ ತಲೆ ಎತ್ತದೆ ಅಂದರು: "ಮುಂಜಾನೆ ಎಬ್ಬಿಸಿದರ ನಿನಗೂ ಏಳರಾಗ ಒಂದೂ ಇರೂದಿಲ್ಲ."

ಆ ಏಳರ ಪಟ್ಟಿ ತಾನು ಹೇಳಿದಷ್ಟು ಗಟ್ಟಿಯಲ್ಲ ಎಂದು ಧನ್ಯಕುಮಾರನಿಗೆ ಗೊತ್ತಿತ್ತು. ಹೇಸರಗತ್ತೆ ಮರಿ ಹಾಕುವುದಿಲ್ಲ, ಆದರೂ ಒದೆಯುತ್ತದೆ. ಬೆಂಕಿ ತಿನ್ನುತ್ತದೆ, ಬೆಳೆಯುತ್ತದೆ, ಗಾಳಿ ಕೇಳುತ್ತದೆ, ಬೂದಿ ಬಿಡುತ್ತದೆ, ಕಿಡಿಯಿಂದ ಕಿಡಿ ಹುಟ್ಟಿಸುತ್ತದೆ. ಆದರೂ ಅದು ಜೀವವಲ್ಲ. ಪಠ್ಯಪುಸ್ತಕದಲ್ಲಿ ಪಾಠದ ಕೊನೆಗೆ ಸಣ್ಣ ಅಕ್ಷರದಲ್ಲಿ ಇದೆಲ್ಲ ಇದೆ. ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ಯಾರೂ ಓದುವುದಿಲ್ಲ.

ಮಾತಾಜಿಯವರು ಮಾತಿನಲ್ಲಿ ಜಿಪುಣರು. ಮೊರದ ಕಡೆ ಕೈ ತೋರಿಸಿ, "ಆ ಕಾಳು?" ಎಂದರು.

"ಅದು ಜೀವ. ಬೀಜ ಅಲ್ಲರಿ ಅದು."

"ಏಳರಾಗ ಎಷ್ಟು ಕಾಣ್ತಾವ?"

"ಕಾಣೂದಿಲ್ಲ. ಮಲಗೇದ. ಬಿತ್ತಿದರ ಗೊತ್ತಾಗತದ."

"ಬಿತ್ತೂ ತನಕ?"

"ಬಿತ್ತೂ ತನಕ ಈ ಕಾಳು ಜೀವಂತ ಅದನೋ ಸತ್ತದನೋ ಹೇಳಾಕ ಬರೂದಿಲ್ಲ."

"ಗೊತ್ತಿಲ್ಲದಾಗ ನೀವು ಏನಂತೀರಿ?"

"ಸಾಬೀತಾಗೂ ತನಕ ಇಲ್ಲ ಅಂತೀವಿ."

"ನಾವು ಅದ ಅಂತೀವಿ," ಎಂದರು ಮಾತಾಜಿ.

ಇದು ಉತ್ತರವಲ್ಲ, ಜಾರಿಕೊಳ್ಳುವುದು ಎಂದು ಧನ್ಯಕುಮಾರನಿಗೆ ಅನಿಸಿತು. ಅದನ್ನೇ ಹೇಳಬೇಕೆಂದಿದ್ದ. ಅಷ್ಟರಲ್ಲಿ ಅಂಗಳದಲ್ಲಿ ಕೂಗು ಎದ್ದಿತು.

ನಾಲ್ವರು ಒಂದು ಹೊರಸನ್ನು ಹೊತ್ತು ಓಡುತ್ತ ಬಂದರು. ಅದರ ಮೇಲೆ ಸಾವಂತ್ರವ್ವ ಇದ್ದಳು. ಊರ ಹೊರಗಿನ ಓಣಿಯಲ್ಲಿ ಬೀಡಿ ಕಟ್ಟಿ ಬದುಕುವವಳು, ಮೂವತ್ತರ ಆಸುಪಾಸಿನ ಹೆಂಗಸು. ಆ ಓಣಿಯವರು ಬಸದಿಯ ಅಂಗಳದೊಳಗೆ ಕಾಲಿಡುವ ರೂಢಿ ಇರಲಿಲ್ಲ. ಅಂದು ಯಾರೂ ಅದನ್ನು ಕೇಳಲಿಲ್ಲ. ಮುಂದೆ ಓಡುತ್ತಿದ್ದವನು ಅವಳ ಗಂಡ ಭೀಮಶಿ.

ಅವನ ಮಾತಿನಿಂದ ತಿಳಿದದ್ದು ಇಷ್ಟು. ಸಾವಂತ್ರವ್ವ ನೆಲಕ್ಕೆ ಚಾಪೆ ಹಾಸಿ ಮಲಗಿದ್ದಳು. ಕೋಳಿ ಕೂಗುವ ಹೊತ್ತಿಗೆ ಹೊಟ್ಟೆ ನೋವೆಂದು ಎದ್ದಳು. ನಿನ್ನೆಯ ಪುಂಡಿಪಲ್ಯ ಎಂದುಕೊಂಡರು. ಬೆಳಕಾದ ಮೇಲೆ ಕಣ್ಣ ರೆಪ್ಪೆ ತಾನಾಗಿ ಬೀಳತೊಡಗಿತು. ನಿದ್ದೆ ಸಾಲದು ಎಂದುಕೊಂಡರು. ನಾಲಿಗೆ ತೊಡರಿತು, ಕುತ್ತಿಗೆ ನಿಲ್ಲದಾಯಿತು. ಆಮೇಲೆ ಭೀಮಶಿ ಕೌದಿ ಕೊಡವಿದ. ಕೆಳಗೆ ಹಾವಿತ್ತು: ಕಪ್ಪು ಮೈ, ಅಡ್ಡಡ್ಡ ಬಿಳಿ ಪಟ್ಟಿ. ಕಟ್ಟಿಗೆ ಹಾವು.

ಆಸ್ಪತ್ರೆಗೆ ಹೋಗಬೇಕಿತ್ತು. ಬಸದಿಗೆ ಬಂದರು. ಪಾರ್ಶ್ವನಾಥ ತೀರ್ಥಂಕರರ ಮೂರ್ತಿಯ ತಲೆಯ ಮೇಲೆ ಹೆಡೆ ಬಿಚ್ಚಿದ ಹಾವಿದೆ. ಆ ಮೂರ್ತಿಗೆ ಅಭಿಷೇಕ ಮಾಡಿದ ನೀರು, ಅಂದರೆ ಗಂಧೋದಕ, ಬಾಯಿಗೆ ಬಿದ್ದರೆ ಹಾವಿನ ವಿಷ ಇಳಿಯುತ್ತದೆಂದು ಬಸ್ತಿಹಾಳದಲ್ಲಿ ಎಲ್ಲ ಓಣಿಯವರೂ ನಂಬಿದ್ದರು. ಬದುಕಿ ಉಳಿದವರು ಬಂದು ಕಾಯಿ ಒಡೆಸಿದ್ದರು. ಉಳಿಯದವರು ಬಂದು ದೂರು ಹೇಳಿರಲಿಲ್ಲ.

ಹೊರಸನ್ನು ಪಡಸಾಲೆಯ ಕೆಳಗೆ ಇಳಿಸಿದಾಗ ಅವಳ ಎದೆ ಕಂಡೂ ಕಾಣದಂತೆ ಆಡುತ್ತಿತ್ತು. ಜನ ಸುತ್ತುಗಟ್ಟುವಷ್ಟರಲ್ಲಿ ನಿಂತಿತು.

"ಗಂಧೋದಕ! ಗಂಧೋದಕ ತರ್ರಿ!" ಎಂದು ಭೀಮಶಿ ಕೂಗಿದ.

ಧನ್ಯಕುಮಾರ ಜನರನ್ನು ಸರಿಸಿ ಮುಂದೆ ಬಂದ. ಓದಿದವನು ಬಂದನೆಂದು ಎಲ್ಲರೂ ದಾರಿ ಬಿಟ್ಟರು. ಅವನು ಮೂಗಿನ ಬಳಿ ಕೈ ಹಿಡಿದ. ಮಣಿಕಟ್ಟು ಒತ್ತಿ ನೋಡಿದ. ಅವನ ಬೆರಳೇ ನಡುಗುತ್ತಿತ್ತು. ಅದನ್ನು ಅವನು ಆಮೇಲೆ ಒಪ್ಪಿಕೊಂಡ. ರೆಪ್ಪೆ ಎತ್ತಿ ಮುಖವನ್ನು ಬಿಸಿಲಿಗೆ ತಿರುಗಿಸಿದ. ಕಣ್ಣಪಾಪೆ ಅಗಲವಾಗಿ ತೆರೆದೇ ಇತ್ತು. ತೋಳಿನ ಒಳಮೈ ಚಿವುಟಿದ.

"ಉಸಿರಿಲ್ಲ. ನಾಡಿ ಇಲ್ಲ. ಕಣ್ಣು ಬೆಳಕಿಗೆ ಅಲಗೂದಿಲ್ಲ. ಚಿವುಟಿದರ ಮಿಸುಕೂದಿಲ್ಲ." ಎದ್ದು ನಿಂತು ಹೇಳಿದ. "ಹೋಗ್ಯಾಳಪ್ಪ."

"ಮೈ ಇನ್ನ ಬಿಸಿ ಐತ್ರಿ ಸರ."

"ಮೈ ಆರಾಕ ಹೊತ್ತು ಹಿಡೀತದ. ಬಿಸಿ ಇದ್ದ ಮಾತ್ರಕ್ಕ ಜೀವ ಅಲ್ಲ. ಒಲಿ ಆರಿಸಿದ ಮ್ಯಾಲೂ ಹಂಚು ಬಿಸಿ ಇರತದಲ್ಲ, ಹಂಗ."

ಹೋಲಿಕೆ ಸರಿಯಾಗಿತ್ತು. ಓಣಿಯ ಹೆಂಗಸರು ಎದೆ ಬಡಿದುಕೊಂಡು ಅಳತೊಡಗಿದರು. ಬಸದಿಯ ಆಡಳಿತ ನೋಡುವ ಪಂಚ ಆದಗೌಡ ಪಾಟೀಲರು ಮುಂದೆ ಬಂದು, ಒರಟಾಗಿಯೂ ಅಲ್ಲ, ಮೆತ್ತಗೂ ಅಲ್ಲ, "ಭೀಮಶಿ, ಎತ್ತರಪಾ. ಹೆಣ ಇಲ್ಲಿ ಇಡಬ್ಯಾಡ್ರಿ. ಮಾತಾಜಿಯವರ ಆಹಾರದ ಹೊತ್ತು" ಎಂದರು. ಹೆಣ ಕಣ್ಣಿಗೆ ಬಿದ್ದರೂ ತ್ಯಾಗಿಗಳಿಗೆ ಅಂತರಾಯ. ಆ ದಿನದ ಆಹಾರ ತಪ್ಪಿತು, ಮರುದಿನದವರೆಗೆ ನೀರೂ ಇಲ್ಲ. ಆದಗೌಡರಿಗೆ ಆ ಚಿಂತೆ.

ನಾಲ್ವರೂ ಹೊರಸಿಗೆ ಕೈ ಹಾಕಿದರು.

"ಇಳಸ್ರಿ."

ಮಾತಾಜಿಯವರು ಪಡಸಾಲೆಯ ಮೆಟ್ಟಿಲು ಇಳಿದು ಬಂದಿದ್ದರು. ಹೊರಸನ್ನು ನೋಡಲಿಲ್ಲ, ಧನ್ಯಕುಮಾರನನ್ನು ನೋಡಿದರು.

"ಸತ್ತಾಳಂತ ಗೊತ್ತದನೋ, ಅಂದಾಜೋ?"

"ಮಾತಾಜಿ, ನೋಡಿದರ ತಿಳೀತದಲ್ಲರಿ. ಒಂದೂ ಲಕ್ಷಣ—"

"ಗೊತ್ತದನೋ?"

ಎರಡನೆಯ ಸಲ ಕೇಳಿದಾಗ ಅವನು ಬಾಯಿ ತೆರೆದ. ಅವನಲ್ಲಿ ದೋಷಗಳು ಹಲವಿದ್ದವು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ದೋಷ ಇರಲಿಲ್ಲ.

"ಇಲ್ಲ," ಎಂದ.

ಮಾತಾಜಿಯವರು ಪಿಂಛಿಯನ್ನೂ ಕಮಂಡಲುವನ್ನೂ ನೆಲಕ್ಕಿಟ್ಟರು. ಯಾರೋ ತಂಬಿಗೆಯಲ್ಲಿ ಗಂಧೋದಕ ಹಿಡಿದು ಬಾಗಿದ್ದರು. "ಬಾಯಿಗೆ ನೀರು ಬ್ಯಾಡ," ಎಂದು ತಂಬಿಗೆಯನ್ನು ಸರಿಸಿದರು. ಪಾರ್ಶ್ವನಾಥರ ಅಭಿಷೇಕದ ನೀರು ಪಕ್ಕಕ್ಕೆ ಸರಿದದ್ದನ್ನು ಕಂಡು ಜನ ಉಸಿರು ಬಿಗಿಹಿಡಿದರು. ಮಾತಾಜಿಯವರು ಮಂಡಿಯೂರಿ ಸಾವಂತ್ರವ್ವನ ತಲೆಯನ್ನು ಹಿಂದಕ್ಕೆ ಬಾಗಿಸಿದರು, ಗದ್ದ ಎತ್ತಿದರು, ಬೆರಳಿನಿಂದ ಬಾಯೊಳಗಿನ ಲೋಳೆ ತೆಗೆದರು.

"ಮಾತಾಜಿ! ಮುಟ್ಟಬ್ಯಾಡ್ರಿ!" ಆದಗೌಡರ ದನಿ ಒಡೆದಿತ್ತು.

ಅವರು ಮೂಗು ಒತ್ತಿ ಹಿಡಿದು, ಅವಳ ಬಾಯಿಗೆ ಬಾಯಿಟ್ಟು ಊದಿದರು.

ಎದೆ ಎದ್ದಿತು. ಇಳಿಯಿತು. ಮತ್ತೆ ಊದಿದರು. ಎದ್ದಿತು.

ಒಬ್ಬ ಹೆಂಗಸು ಕಿರುಚಿದಳು: "ಜೀವ ಬಂತು! ನಮ್ಮವ್ವ ಜೀವ ಕೊಟ್ಟಳು!" ಜನ ಅಡ್ಡಬೀಳತೊಡಗಿದರು.

ಮಾತಾಜಿಯವರು ತಲೆ ಎತ್ತಿ, "ಬಂದಿಲ್ಲ. ಇದು ನನ್ನ ಉಸಿರು. ಗಾಡಿ ತರ್ರಿ," ಎಂದರು. ಮತ್ತೆ ಬಾಗಿದರು.

ಬಸದಿಯ ಎದುರಿಗೆ ಹಾಲಿನ ಡೇರಿ. ಅಲ್ಲಿ ಬಾಳು ಎಂಬ ಡ್ರೈವರನ ಟೆಂಪೊ ನಿಂತಿತ್ತು. ಕ್ಯಾನುಗಳನ್ನು ರಸ್ತೆಗೇ ಉರುಳಿಸಿ ಖಾಲಿ ಮಾಡಿದರು. ಡೇರಿಯ ಫೋನಿನಿಂದ ಮಿರಜಿನ ದೊಡ್ಡ ದವಾಖಾನೆಗೆ ಸುದ್ದಿ ಹೋಯಿತು. ಉಸಿರಾಟದ ಯಂತ್ರವೂ ಹಾವಿನ ಔಷಧವೂ ಎರಡೂ ಇದ್ದದ್ದು ಅಲ್ಲಿ, ಮೂವತ್ತನಾಲ್ಕು ಕಿಲೋಮೀಟರು. ಹೊರಸನ್ನು ಎತ್ತಿ ರಸ್ತೆ ದಾಟಿಸುವಾಗ ಮಾತಾಜಿಯವರು ಪಕ್ಕದಲ್ಲಿ ಬಾಗಿ ನಡೆಯುತ್ತಲೇ ಊದುತ್ತಿದ್ದರು. ಅರವತ್ತರ ಮೇಲಿನ ದೇಹ, ಹಿಂದಿನ ದಿನದಿಂದ ನೀರು ಕಂಡಿರಲಿಲ್ಲ.

ಹೊರಸು ಟೆಂಪೊ ಸೇರಿತು. ಅಲ್ಲಿ ಎಲ್ಲವೂ ನಿಂತಿತು.

"ಮಾತಾಜಿ ಗಾಡಿ ಹತ್ತಂಗಿಲ್ಲ," ಎಂದು ಯಾರೋ ಮೆಲ್ಲಗೆ ಅಂದರು. ಎಲ್ಲರಿಗೂ ಗೊತ್ತಿದ್ದ ಮಾತು.

ಮಾತಾಜಿಯವರು ಧನ್ಯಕುಮಾರನ ಕಡೆ ತಿರುಗಿದರು. "ಹತ್ತರಿ."

"ನಾನಾ?"

"ಉಸಿರಾಟದ ಪಾಠ ಮಾಡವರು ನೀವ ಅಲ್ಲ?"

"ಮಾತಾಜಿ, ಅವಳು—" ಮುಂದಿನ ಮಾತನ್ನು ಅವನು ಭೀಮಶಿಯ ಮುಖ ನೋಡಿ ನುಂಗಿದ. ಗೊತ್ತಿಲ್ಲ ಎಂದು ಒಪ್ಪಿದ್ದರೂ, ಅವಳು ಸತ್ತಿದ್ದಾಳೆಂದೇ ಧನ್ಯಕುಮಾರನಿಗೆ ಒಳಗೊಳಗೆ ಅನಿಸಿತ್ತು. ಹೆಣದ ಬಾಯಿಗೆ ಬಾಯಿಟ್ಟು ಮೂವತ್ತನಾಲ್ಕು ಕಿಲೋಮೀಟರು ಹೋಗಬೇಕು. ಅವನು ಒಂದು ಹೆಜ್ಜೆ ಹಿಂದೆ ಸರಿದ.

ಮಾತಾಜಿಯವರು ಕೋಪಿಸಲಿಲ್ಲ. "ನೀವು ಒಲ್ಲೆ ಅಂದರ ನಾನು ಹತ್ತತೀನಿ," ಎಂದರು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಬಲಗಾಲನ್ನು ಟೆಂಪೊದ ಹಲಗೆಯ ಮೇಲಿಟ್ಟರು.

ಮೂವತ್ತೊಂದು ವರ್ಷ. ಆ ಕಾಲು ಸುಡುವ ಡಾಂಬರಿನ ಮೇಲೆ, ಮುಳ್ಳಿನ ಮೇಲೆ, ನಾಲ್ಕು ರಾಜ್ಯಗಳ ಮಣ್ಣಿನ ಮೇಲೆ ನಡೆದ ಕಾಲು. ಅದರ ಹಿಮ್ಮಡಿಯ ಬಿರುಕುಗಳು ಧನ್ಯಕುಮಾರನ ಕಣ್ಣ ಮಟ್ಟದಲ್ಲಿದ್ದವು. ಆ ವ್ರತದಲ್ಲಿ ಅವನಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಆದರೂ ಅದು ತನ್ನಿಂದಾಗಿ, ಈ ಹಾಲಿನ ಟೆಂಪೊದಲ್ಲಿ, ಮುರಿಯುವುದನ್ನು ನೋಡಲಾರದೆ ಹೋದ.

"ಇಳೀರಿ ಮಾತಾಜಿ," ಎಂದ. ಹತ್ತಿದ.

ಮಾತಾಜಿಯವರು ಕೆಳಗೆ ನಿಂತು ಹೇಳಿಕೊಟ್ಟದ್ದು ಹತ್ತು ಮಾತೂ ಇಲ್ಲ. "ತಲಿ ಹಿಂದಕ್ಕ. ಮೂಗು ಮುಚ್ರಿ. ಎದಿ ಏಳೂ ತನಕ ಊದ್ರಿ. ಇಳಿಯಾಕ ಬಿಡ್ರಿ. ನಿಲ್ಲಿಸಬ್ಯಾಡ್ರಿ."

ಟೆಂಪೊ ಹೊರಟಿತು.

ಮಳೆ ತಿಂದ ರಸ್ತೆ. ಮೊದಲ ಗುಂಡಿಗೇ ಅವನ ತುಟಿ ಅವಳ ಹಲ್ಲಿಗೆ ತಗುಲಿ ಒಡೆಯಿತು. ಬಾಯಿಯಲ್ಲಿ ರಕ್ತದ ರುಚಿ, ಅದರ ಹಿಂದೆ ತಂಬಾಕಿನ ವಾಸನೆ, ಅದರ ಹಿಂದೆ ವಾಂತಿಯದು. ಅವನು ಎಣಿಸತೊಡಗಿದ. ನಿಮಿಷಕ್ಕೆ ಹನ್ನೆರಡು. ತಲೆ ತಿರುಗಿದರೆ ಹತ್ತು. ಭೀಮಶಿ ಹೆಂಡತಿಯ ಕಾಲು ಹಿಡಿದು ಕುಳಿತು, ಪ್ರತಿ ಸಲ ಎದೆ ಎದ್ದಾಗಲೂ ತಾನೂ ಉಸಿರೆಳೆಯುತ್ತಿದ್ದ.

"ಸರ, ಉಸಿರಾಡಾಕತ್ತಾಳೇನ್ರಿ?" ಎಂದು ಬಾಳು ಮುಂದಿನಿಂದ ಕೂಗಿದ.

"ನಾ ಆಡಾಕತ್ತೀನಿ. ನೀ ಓಡಸು."

"ಓಡಸ್ತೀನ್ರಿ. ಎಮ್ಮಿ ಅಡ್ಡ ಅದಾವು, ಅವಕ್ಕ ನೀವ ಹೇಳ್ರಿ."

ಇಪ್ಪತ್ತು ಕಿಲೋಮೀಟರು ಕಳೆಯಿತು. ಅವಳಿಂದ ಏನೂ ಇಲ್ಲ. ಕೈ ಇಟ್ಟಲ್ಲೇ ಇತ್ತು. ರೆಪ್ಪೆ ಮುಚ್ಚಿದಂತೆಯೇ ಇತ್ತು.

ರೈಲ್ವೆ ಗೇಟು ಹಾಕಿತ್ತು.

ಭೀಮಶಿ ಹೌಹಾರಿ ಕೆಳಗೆ ಜಿಗಿದು ಗೇಟಿನವನ ಕಾಲು ಹಿಡಿಯಲು ಓಡಿದ. ಬಾಳು ಹಾರ್ನ್ ಒತ್ತುತ್ತ, ಆಮೇಲೆ ತಾನೂ ಇಳಿದು ಕೂಗಾಡುತ್ತ ಹೋದ. ಗೇಟು ತೆರೆಯುವಂತಿರಲಿಲ್ಲ, ಗೂಡ್ಸ್ ಗಾಡಿ ಆಗಲೇ ಕಾಣುತ್ತಿತ್ತು. ಟೆಂಪೊದ ಹಿಂಭಾಗದಲ್ಲಿ ಉಳಿದವರು ಇಬ್ಬರೇ.

ಧನ್ಯಕುಮಾರ ನಿಲ್ಲಿಸಿದ.

ದಣಿವು ಎಂದು ಹೇಳಿಕೊಂಡ. ದಣಿವು ನಿಜವೇ, ಕಣ್ಣ ಮುಂದೆ ಕಪ್ಪು ಚುಕ್ಕೆಗಳಾಡುತ್ತಿದ್ದವು. ಆದರೆ ನಿಲ್ಲಿಸಿದ್ದು ದಣಿವಿನಿಂದ ಅಲ್ಲ. ಇದು ಮುಗಿದ ಕೆಲಸ ಎನಿಸಿತ್ತು. ಯಾರೂ ನೋಡುತ್ತಿರಲಿಲ್ಲ. ಮಿರಜ ಮುಟ್ಟಿದಾಗ ದಾರಿಯಲ್ಲಿ ಹೋದಳು ಎಂದರೆ ಯಾರೂ ತಪ್ಪು ಹೇಳುವುದಿಲ್ಲ, ಎಲ್ಲರೂ ಹೊಗಳುವರು. ಎದ್ದಿದ್ದ ಎದೆ ಮೆಲ್ಲಗೆ ಇಳಿದು, ಇಳಿದಲ್ಲೇ ಉಳಿಯಿತು.

ರೈಲಿನ ಸದ್ದು ಹತ್ತಿರವಾಯಿತು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಒಂದು ಸಣ್ಣ ಮಿಸುಕು ಸಿಕ್ಕಿದ್ದರೆ ಸಾಕಿತ್ತು. ಸಿಗಲಿಲ್ಲ. ಜೀವ ಇಲ್ಲ ಎನ್ನಲು ಸಾಕ್ಷಿಯೇನಾದರೂ ಇದೆಯೇ ಎಂದು ಹುಡುಕಿದ. ಅದೂ ಇರಲಿಲ್ಲ. ಕಾಣದಿರುವುದಷ್ಟೇ ಇತ್ತು. ಆಗ ಅವನಿಗೆ ಪ್ರತಿ ವರ್ಷ ತಾನೇ ಮಾಡುವ ಪಾಠ ನೆನಪಾಯಿತು: ಕಟ್ಟಿಗೆ ಹಾವಿನದು ನರವಿಷ, ಅದು ಸ್ನಾಯುಗಳನ್ನು ಕಟ್ಟಿಹಾಕುತ್ತದೆ, ರೆಪ್ಪೆ, ಕಣ್ಣಪಾಪೆ, ನಾಲಿಗೆ, ಕೈಕಾಲು, ಕೊನೆಗೆ ಉಸಿರಾಟದ ಸ್ನಾಯು. ಎರಡು ಅಂಕದ ಪ್ರಶ್ನೆ. ಸ್ನಾಯು ಕಟ್ಟಿಹೋದವಳು ಚಿವುಟಿದರೆ ಮಿಸುಕುವುದು ಹೇಗೆ ಎಂದು ಹದಿನಾಲ್ಕು ವರ್ಷಗಳಲ್ಲಿ ಯಾವ ಹುಡುಗನೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ.

ಮೂಗು ಒತ್ತಿ ಹಿಡಿದು ಊದಿದ. ಮೊದಲಿಗಿಂತ ಜೋರಾಗಿ. ಭೀಮಶಿ ಮರಳಿ ಹತ್ತುವ ಹೊತ್ತಿಗೆ ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಮಿರಜ ಮುಟ್ಟುವವರೆಗೆ ಅದು ನಿಲ್ಲಲಿಲ್ಲ.

ದವಾಖಾನೆಯ ಡಾಕ್ಟರು ಹಾವಿನ ಹೆಸರು ಕೇಳಿದರು, ಎದೆಗೆ ಸ್ಟೆತೊಸ್ಕೋಪು ಹಚ್ಚಿ ಆಲಿಸಿದರು. "ಹೃದಯ ನಡೀತದ," ಎಂದರು. ಗಂಟಲಿಗೆ ನಳಿಗೆ ಇಳಿಸಿ ಯಂತ್ರಕ್ಕೆ ಜೋಡಿಸಿದರು. ಧನ್ಯಕುಮಾರ ಗೋಡೆಗೆ ಒರಗಿ ಕೂತ. ಅವನನ್ನು ಯಾರೂ ಏನೂ ಕೇಳಲಿಲ್ಲ. ಅಂದು ಅವನಿಗೆ ಬೇಕಾಗಿದ್ದುದೂ ಅದೇ.

ಮರುದಿನ ಮಧ್ಯಾಹ್ನ ಅವನು ಬಸ್ತಿಹಾಳಕ್ಕೆ ಬಂದ. ಮಾತಾಜಿಯವರು ಕೋಣೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದರು. ಹಿಂದಿನ ದಿನ ಅಂತರಾಯವಾಗಿತ್ತು. ವ್ರತಸ್ಥರು ಪರರ ಬಾಯಿಗೆ ಬಾಯಿಟ್ಟದ್ದಕ್ಕೆ ಪ್ರಾಯಶ್ಚಿತ್ತವೆಂದು ಅಂದೂ ಆಹಾರಕ್ಕೆ ಏಳಲಿಲ್ಲ. ಎರಡು ದಿನ ಒಂದು ಹನಿ ನೀರಿಲ್ಲ.

"ಯಂತ್ರದ ಮ್ಯಾಲೆ ಅದಾಳ," ಎಂದ ಧನ್ಯಕುಮಾರ. "ಇನ್ನೂ ಮಿಸುಕಿಲ್ಲ."

ಮಾತಾಜಿಯವರು ತಲೆಯಾಡಿಸಿದರು.

"ಮಾತಾಜಿ, ನೀವು ಮಾಡಿದ್ದರಾಗ ಪಾಪ ಏನಿತ್ತು? ಪ್ರಾಯಶ್ಚಿತ್ತ ಯಾಕ?"

"ಪಾಪ ಅಂತ ಅಲ್ಲ. ವ್ರತ ತಗೊಂಡವಳು ನಾನು. ಬೇಕಾದಾಗ ಇಟಗೊಂಡು ಬ್ಯಾಡಾದಾಗ ಬಿಡೂದಾದರ ಅದು ವ್ರತ ಅಲ್ಲ."

ಅವನು ತಾನು ಕೇಳಲು ಬಂದದ್ದನ್ನು ಕೇಳಿದ. "ಅವಳು ಜೀವಂತ ಅದಾಳಂತ ನಿಮಗ ಹ್ಯಾಂಗ ಗೊತ್ತಾತು?"

ಇಂಥ ಪ್ರಶ್ನೆಗೆ ಬೇರೆಯವರಾಗಿದ್ದರೆ ಏನೆಲ್ಲ ಹೇಳಬಹುದಿತ್ತು. ಮಾತಾಜಿಯವರು ಹೇಳಿದ್ದು: "ಗೊತ್ತಿರಲಿಲ್ಲ."

ತ್ಯಾಗಿಗಳು ತಮ್ಮ ಹಿಂದಿನ ಬದುಕನ್ನು ಹೇಳಿಕೊಳ್ಳುವುದಿಲ್ಲ. ಅಂದು ಒಂದೇ ಸಲ ಹೇಳಿದರು. "ದೀಕ್ಷಾ ತಗೊಳ್ಳೂ ಮೊದಲು ಸರಕಾರಿ ದವಾಖಾನ್ಯಾಗ ಹೆರಿಗಿ ಮಾಡಸ್ತಿದ್ದೆ. ಎಷ್ಟೋ ಕೂಸು ಅಳತಿರಲಿಲ್ಲ. ಮೈ ನೀಲಿ. ಊದತಿದ್ದೆ. ಕೆಲವು ಅತ್ತವು. ಕೆಲವು ಅಳಲಿಲ್ಲ. ಊದೂ ಮೊದಲ ಯಾವುದು ಯಾವುದಂತ ನನಗ ಎಂದೂ ತಿಳೀಲಿಲ್ಲ."

ಅಷ್ಟು ಹೇಳಿ ಮಾತಾಜಿಯವರು ಕೇಳಿದರು: "ಇಲ್ಲಿ ಯಾಕ ಕೂತೀರಿ? ಅವರ ಗಂಡಗ ಓದಾಕ ಬರಾಂಗಿಲ್ಲ. ಔಷಧ ಚೀಟಿ ಯಾರು ಓದ್ತಾರ?"

ಅವನು ಅಂದೇ ಸಂಜೆಯ ಬಸ್ಸಿಗೆ ಮಿರಜಿಗೆ ಮರಳಿದ.

ಮೂರನೆಯ ದಿನ ಸಾವಂತ್ರವ್ವನ ಕಾಲ್ಬೆರಳು ಆಡಿತು. ನಾಲ್ಕನೆಯ ದಿನ ಹುಬ್ಬು. ಐದನೆಯ ದಿನ ಒಂದು ರೆಪ್ಪೆ ಅರ್ಧ ಎದ್ದಿತು. ಆರನೆಯ ದಿನ ಗಂಟಲಿನ ನಳಿಗೆ ತೆಗೆದರು. ಭೀಮಶಿ ಅವಳ ಕೈ ಹಿಡಿದು ಅತ್ತ. ಆಮೇಲೆ ಚಹಾ ತರಲು ಹೋದ. ಧನ್ಯಕುಮಾರ ಹಾಸಿಗೆಯ ಪಕ್ಕ ನಿಂತಿದ್ದ. ತಾನು ಯಾರೆಂದು ಅವಳಿಗೆ ತಿಳಿಯದು, ಪರಿಚಯ ಹೇಳಬೇಕು ಎಂದುಕೊಳ್ಳುತ್ತಿದ್ದ.

"ಸರ," ಎಂದಳು ಅವಳು. ದನಿ ಮರಳಿನ ಮೇಲೆ ಎಳೆದಂತಿತ್ತು. "ಗೇಟಿನ ಹಂತ್ಯಾಕ ಯಾಕ ನಿಲ್ಲಿಸಿದ್ರಿ?"

ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಮಾತಾಜಿಯವರಿಗೂ ಹೇಳಿರಲಿಲ್ಲ.

"ನಿನಗ... ಗೊತ್ತಿತ್ತಾ?"

"ಎಲ್ಲಾ ಕೇಳತಿತ್ರಿ. ಕಣ್ಣ ತೆರಿಯಾಕ ಬರತಿರಲಿಲ್ಲ. ಕೂಗಾಕ ಬರತಿರಲಿಲ್ಲ. ಬಸ್ತ್ಯಾಗ ನೀವು ಹೋಗ್ಯಾಳ ಅಂದದ್ದೂ ಕೇಳ್ತು. ಆ ಅವ್ವ ಗೊತ್ತದನೋ ಅಂತ ಕೇಳಿದ್ದೂ ಕೇಳ್ತು. ಚಿವುಟಿದ್ದು ಭಾಳ ಉರೀತ್ರಿ."

ಅವನು ಸುಳ್ಳು ಹೇಳಬಹುದಿತ್ತು. ದಣಿದಿದ್ದೆ ಎಂದರೆ ಸಾಕಿತ್ತು, ಅವಳು ನಂಬುತ್ತಿದ್ದಳು.

"ನೀ ಸತ್ತೀ ಅಂದ್ಕೊಂಡ್ನಿ," ಎಂದ. "ಅದಕ್ಕ ನಿಲ್ಲಿಸಿದ್ನಿ."

ಸಾವಂತ್ರವ್ವ ಬಹಳ ಹೊತ್ತು ಮೇಲಿನ ಫ್ಯಾನು ನೋಡಿದಳು.

"ನಾನೂ ಹಂಗ ಅಂದ್ಕೊಂಡ್ನಿರಿ," ಎಂದಳು.

ಧನ್ಯಕುಮಾರ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ವಾರ್ಡಿನಲ್ಲಿ ಜನ ನೋಡುತ್ತಿದ್ದರು. ಅವನು ಅಳುತ್ತಿದ್ದನೋ ನಗುತ್ತಿದ್ದನೋ ಎಂದು ನರ್ಸಿಗೆ ತಿಳಿಯಲಿಲ್ಲವಂತೆ. ಸಾವಂತ್ರವ್ವ ಮತ್ತೆ ಕರೆದಳು.

"ಸರ, ಇನ್ನೊಂದ ಹೇಳ್ತೀನ್ರಿ. ಮುಂದ ಯಾರಿಗರ ಹಿಂಗಾದರ ಅವರ ಜೋಡಿ ಮಾತಾಡ್ರಿ. ನೀವು ಬರೇ ಎಣಸತಿದ್ರಿ. ಒಳಗ ಭಾಳ ಒಬ್ಬಂಟಿ ಆಗತೈತ್ರಿ."

ಚಾತುರ್ಮಾಸ ಮುಗಿದ ಮೇಲೆ ಮಾತಾಜಿಯವರು ಪಿಂಛಿ ಕಮಂಡಲು ಹಿಡಿದು ನಡೆದು ಹೋದರು. ಊರ ಗಡಿಯವರೆಗೆ ಬಸದಿಯ ಓಣಿಯವರೂ ಊರ ಹೊರಗಿನ ಓಣಿಯವರೂ ಹೋಗಿ ಕಳಿಸಿ ಬಂದರು. ಧನ್ಯಕುಮಾರ ಅವರ ಹಿಂದೆ ಆರು ಕಿಲೋಮೀಟರು ಬರಿಗಾಲಲ್ಲಿ ನಡೆದ. ಗೇಟಿನ ವಿಷಯವನ್ನು ಆ ದಾರಿಯಲ್ಲಿ ಹೇಳಿದ. ಮಾತಾಜಿಯವರು ನಿಂತು, ಪೂರಾ ಕೇಳಿ, ಪಿಂಛಿಯನ್ನು ಅವನ ತಲೆಯ ಮೇಲಿಟ್ಟು ಹರಸಿ ಮುಂದೆ ಸಾಗಿದರು.

ಅವನು ಭಕ್ತನಾದನೇ ಎಂದು ಕೇಳುವವರಿದ್ದಾರೆ. ಬಟಾಟಿ ಈಗಲೂ ತಿನ್ನುತ್ತಾನೆ. ಬಸದಿಗೆ ತಾಯಿ ಕರೆದರೆ ಹೋಗುತ್ತಾನೆ, ಇಲ್ಲದಿದ್ದರೆ ಇಲ್ಲ. ಆದರೆ ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಮಿರಜಿನ ಆ ವಾರ್ಡಿಗೆ ಹೋಗುತ್ತಾನೆ. ಯಂತ್ರ ಜೋಡಿಸಿದ, ಕಣ್ಣು ತೆರೆಯದ, ಕರೆದರೆ ಓಗೊಡದ ರೋಗಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಾನೆ. ತನ್ನ ಹೆಸರು ಹೇಳುತ್ತಾನೆ. ಇಂದು ಯಾವ ವಾರ, ಹೊರಗೆ ಮಳೆಯೋ ಬಿಸಿಲೋ, ಮನೆಯವರಲ್ಲಿ ಯಾರು ಬಂದಿದ್ದಾರೆ, ಯಾರು ಊಟಕ್ಕೆ ಹೋಗಿದ್ದಾರೆ, ಎಲ್ಲ ಹೇಳುತ್ತಾನೆ. ಕೆಲವರು ಆಮೇಲೆ ಏಳುತ್ತಾರೆ. ಹೆಚ್ಚಿನವರು ಏಳುವುದಿಲ್ಲ. ಉತ್ತರ ಬಾರದಿದ್ದರೂ ಅವನು ಒಂದು ಗಂಟೆ ಪೂರ್ತಿ ಮಾತಾಡಿ, ಹೋಗಿ ಬರುತ್ತೇನೆ ಎಂದು ಹೇಳಿಯೇ ಏಳುತ್ತಾನೆ.